ಒಂದೇ ಬಾಹು ಗೊತ್ತಿದ್ದರೆ ಸಾಕು: 45-45-90, 30-60-90 ಮತ್ತು 3-4-5 ತ್ರಿಭುಜಗಳ ಸಮಗ್ರ ಮಾರ್ಗದರ್ಶಿ

"ಸರ್, ಇಲ್ಲಿ √3ರಿಂದ ಗುಣಿಸಬೇಕಾ, ಭಾಗಿಸಬೇಕಾ?"

ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದೇ. ಕೇಳುವ ಹುಡುಗನಿಗೆ 30°, 60°, 90° ಕೋನಗಳ ತ್ರಿಭುಜದ ಬಾಹುಗಳು 1 : √3 : 2 ಅನ್ನುವ ಅನುಪಾತ ಚೆನ್ನಾಗಿ ಗೊತ್ತಿರುತ್ತದೆ. ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಆದರೆ ಲೆಕ್ಕ ಎದುರಿಗೆ ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಕೊಟ್ಟಿರುವ ಅಳತೆ ಆ ಮೂರರಲ್ಲಿ ಯಾವ ಬಾಹುವಿನದು ಅಂತ ಅವನು ನೋಡಿಕೊಂಡಿರುವುದಿಲ್ಲ.

ಗುಣಿಸಬೇಕೋ ಭಾಗಿಸಬೇಕೋ ಅನ್ನುವುದು ಎರಡನೇ ಪ್ರಶ್ನೆ. ನನ್ನ ಕೈಯಲ್ಲಿರುವುದು ಯಾವ ಬಾಹು ಅನ್ನುವುದು ಮೊದಲನೇ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಎರಡು ಸಾಲಿನ ಕೆಲಸ. ಈ ಬರಹವನ್ನು ಒಂದು ಪೆನ್ಸಿಲ್, ಎರಡು ಎ4 ಹಾಳೆ ಹತ್ತಿರ ಇಟ್ಟುಕೊಂಡು ಓದಿ. ಮಡಿಸಿ ನೋಡುವ ಕೆಲಸ ಇದೆ.

ಮೊದಲು ಹೆಸರುಗಳು

ಒಂದು ಕೋನ 90° ಇದ್ದರೆ ಅದು ಲಂಬಕೋನ ತ್ರಿಭುಜ. ಆ 90°ಯ ಎದುರಿಗೆ ಇರುವ ಬಾಹು ವಿಕರ್ಣ. ಮೂರರಲ್ಲಿ ಯಾವಾಗಲೂ ಅದೇ ಎಲ್ಲಕ್ಕಿಂತ ಉದ್ದ. ಉಳಿದ ಎರಡು ಬಾಹುಗಳು ಲಂಬಕೋನವನ್ನು ಅಪ್ಪಿಕೊಂಡಿರುತ್ತವೆ. ಚಿತ್ರವನ್ನು ಹೇಗೆ ತಿರುಗಿಸಿ ಬರೆದಿದ್ದರೂ ಇದು ಬದಲಾಗುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ವಿಕರ್ಣವನ್ನು ಕೆಳಗೆ ಅಡ್ಡಲಾಗಿ ಮಲಗಿಸಿ ಕೊಟ್ಟರೆ ಎಷ್ಟೋ ಮಕ್ಕಳು ಅದನ್ನು 'ಪಾದ' ಅಂದುಕೊಂಡು ಲೆಕ್ಕ ಶುರು ಮಾಡುತ್ತಾರೆ. ಹಾಗಾಗಿ ಮೊದಲು 90°ಯ ಗುರುತು ಹುಡುಕಿ, ಅದರ ಎದುರಿನ ಗೆರೆಯ ಮೇಲೆ 'ವಿ' ಅಂತ ಬರೆದುಬಿಡಿ.

ಇನ್ನೊಂದು ಮಾತು. ಯಾವುದೇ ತ್ರಿಭುಜದಲ್ಲಿ ದೊಡ್ಡ ಕೋನದ ಎದುರು ದೊಡ್ಡ ಬಾಹು, ಸಣ್ಣ ಕೋನದ ಎದುರು ಸಣ್ಣ ಬಾಹು. ಮುಂದೆ ಇದು ಪದೇ ಪದೇ ಬೇಕಾಗುತ್ತದೆ.

ಪೈಥಾಗೊರಸ್ ಪ್ರಮೇಯ ನಿಮಗೆ ಗೊತ್ತಿದೆ: ವಿಕರ್ಣದ ವರ್ಗ = ಉಳಿದೆರಡು ಬಾಹುಗಳ ವರ್ಗಗಳ ಮೊತ್ತ. ಅದನ್ನು ಬಳಸಲು ಎರಡು ಬಾಹುಗಳು ಗೊತ್ತಿರಬೇಕು. ವಿಶೇಷ ತ್ರಿಭುಜಗಳಲ್ಲಿ ಒಂದೇ ಸಾಕು. ಯಾಕೆ? 45-45-90 ಕೋನಗಳಿರುವ ತ್ರಿಭುಜಗಳೆಲ್ಲ ಒಂದೇ ಆಕಾರದವು, ಅಂದರೆ ಸಮರೂಪ. ಅಂಗೈಯಗಲದ್ದಿರಲಿ, ಹೊಲದಷ್ಟು ದೊಡ್ಡದಿರಲಿ, ಬಾಹುಗಳ ನಡುವಿನ ಅನುಪಾತ ಒಂದೇ. ಆ ಅನುಪಾತವನ್ನು ಒಂದು ಸಲ ಕಂಡುಕೊಂಡರೆ ಮುಗಿಯಿತು. 30-60-90ಕ್ಕೂ ಇದೇ ಮಾತು.

ಮೊದಲನೆಯದು: ಚೌಕವನ್ನು ಕತ್ತರಿಸಿದಾಗ

ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಎರಡು ತುಂಡು ಸಿಗುತ್ತವೆ. ಒಂದೊಂದರಲ್ಲೂ ಒಂದು 90°, ಎರಡು 45°. ಚೌಕದ ಎರಡು ಬದಿಗಳೇ ಈಗ ಸಮನಾದ ಎರಡು ಬಾಹುಗಳು. ಕತ್ತರಿಸಿದ ಗೆರೆಯೇ ವಿಕರ್ಣ.

ಬದಿ 1 ಅಂತ ಇಟ್ಟುಕೊಳ್ಳಿ. ವಿಕರ್ಣದ ವರ್ಗ 1 + 1 = 2. ಹಾಗಾದರೆ ವಿಕರ್ಣ √2. ಅನುಪಾತ 1 : 1 : √2. ಅಷ್ಟೇ.

ಇದನ್ನು ನಂಬಿ ಬಿಡಬೇಡಿ, ಪರೀಕ್ಷಿಸಿ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಉದ್ದ 297. ಅಗಲದ ಅಂಚು ಉದ್ದದ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಒಂದು ಮೂಲೆಯಿಂದ ಮಡಿಸಿ. ಮಡಿಕೆಯ ಗೆರೆ 45°ಯಲ್ಲಿ ಹೋಗುತ್ತದೆ. 210 ಬದಿಯ ಚೌಕಕ್ಕೆ ಅದು ಕರ್ಣ, ಅಂದರೆ ಮೂಲೆಯಿಂದ ಮೂಲೆಗೆ ಹೋಗುವ ಗೆರೆ. ಅದರ ಉದ್ದ ಎಷ್ಟಿರಬೇಕು? 210 × 1.414 = 296.9. ಅಂದರೆ ಹಾಳೆಯ ಉದ್ದದಷ್ಟೇ! ಇನ್ನೊಂದು ಎ4 ಹಾಳೆಯ ಉದ್ದದ ಅಂಚನ್ನು ಮಡಿಕೆಯ ಪಕ್ಕ ಹಿಡಿದು ನೋಡಿ. ಎರಡೂ ತಾಳೆಯಾಗುತ್ತವೆ. ಎ4 ಹಾಳೆಯ ಉದ್ದ ಮತ್ತು ಅಗಲದ ಅನುಪಾತವನ್ನು √2 ಅಂತಲೇ ಇಟ್ಟಿದ್ದಾರೆ. ಅದಕ್ಕೇ ಆ ಹಾಳೆಯನ್ನು ಅರ್ಧಕ್ಕೆ ಮಡಿಸಿದರೂ ಆಕಾರ ಹಾಗೇ ಉಳಿಯುತ್ತದೆ. ಇದನ್ನು ಮಕ್ಕಳಿಗೆ ತೋರಿಸಿದಾಗ ಅವರ ಮುಖ ನೋಡುವುದೇ ನನಗೆ ಒಂದು ಖುಷಿ.

ಈಗ ಲೆಕ್ಕ. ಇಲ್ಲಿ ಎರಡೇ ಸನ್ನಿವೇಶ.

ಸಮ ಬಾಹು ಗೊತ್ತಿದ್ದರೆ √2ರಿಂದ ಗುಣಿಸಿ. ಬಾಹು 7 ಸೆಂಮೀ ಆದರೆ ವಿಕರ್ಣ 7√2, ಸುಮಾರು 9.9 ಸೆಂಮೀ.

ವಿಕರ್ಣ ಗೊತ್ತಿದ್ದರೆ √2ರಿಂದ ಭಾಗಿಸಿ. ವಿಕರ್ಣ 10 ಆದರೆ ಬಾಹು 10/√2. ಇಲ್ಲಿ ಮಕ್ಕಳು ತಡವರಿಸುತ್ತಾರೆ. ಛೇದದಲ್ಲಿ √2 ಇದ್ದರೆ ಅದನ್ನು ತೆಗೆಯಬೇಕು. ಪುಸ್ತಕದಲ್ಲಿ ಇದಕ್ಕೆ ಅಕರಣೀಕರಣ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. 2 ಅಂದರೆ √2 × √2. ಹಾಗಾಗಿ 10 ಅಂದರೆ 5 × √2 × √2. ಒಂದು √2 ಹೊಡೆದುಹೋಗುತ್ತದೆ, ಉಳಿಯುವುದು 5√2. ಚಿಕ್ಕದಾಗಿ ಹೇಳಬೇಕೆಂದರೆ, √2ರಿಂದ ಭಾಗಿಸುವುದು ಅಂದರೆ ಅರ್ಧ ಮಾಡಿ ಪಕ್ಕದಲ್ಲಿ √2 ಬರೆಯುವುದು. 18/√2 = 9√2. 7/√2 = 3.5√2. ಇದೇ ರೀತಿ √3ರಿಂದ ಭಾಗಿಸುವುದು ಅಂದರೆ ಮೂರರಲ್ಲಿ ಒಂದು ಭಾಗ ಮಾಡಿ √3 ಬರೆಯುವುದು. 9/√3 = 3√3. ಮುಂದಿನ ಭಾಗದಲ್ಲಿ ಇದು ಜಾಸ್ತಿ ಬೇಕಾಗುತ್ತದೆ.

ಕೊಟ್ಟ ಅಳತೆಯಲ್ಲೇ √2 ಇದ್ದರೆ ಹೆದರಬೇಡಿ. ಬಾಹು 3√2 ಆದರೆ ವಿಕರ್ಣ 3√2 × √2 = 6. ವಿಕರ್ಣ 6√2 ಆದರೆ ಬಾಹು 6. ಇಂಥ ಲೆಕ್ಕ ಇನ್ನೂ ಸುಲಭ.

ಇದು ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. ನಮ್ಮ ಚಿಕ್ಕಪ್ಪ ಕೃಷಿ ಹೊಂಡ ತೋಡಿಸಿದರು. ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್, ಬದಿಯ ಇಳಿಜಾರು ಒಂದಕ್ಕೆ ಒಂದು. ಅಂದರೆ ಒಂದು ಮೀಟರ್ ಕೆಳಗೆ ಹೋದರೆ ಒಂದು ಮೀಟರ್ ಒಳಗೆ. ಅದು 45°. ಹಾಗಾಗಿ ತಳ 21 − 3 − 3 = 15 ಮೀಟರ್ ಚೌಕ. ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ಅವರು ತಳದ 15ಕ್ಕೆ ಎರಡೂ ಕಡೆ ಆಳದ 3 ಮೀಟರ್ ಸೇರಿಸಿ 21 ಅಂತ ಲೆಕ್ಕ ಹಾಕಿದ್ದರು. ಆದರೆ ಹಾಳೆ ಆಳದಲ್ಲಿ ನೇರ ಇಳಿಯುವುದಿಲ್ಲ, ಇಳಿಜಾರಿನ ಮೇಲೆ ಮಲಗುತ್ತದೆ. ಇಳಿಜಾರು ವಿಕರ್ಣ. ಅದರ ಉದ್ದ 3√2 = 4.24 ಮೀಟರ್. ಬೇಕಾದದ್ದು 15 + 4.24 + 4.24, ಸುಮಾರು 23.5 ಮೀಟರ್. ಅಂಚನ್ನು ಮಣ್ಣಿನಲ್ಲಿ ಹೂಳಲು ಬೇಕಾಗುವ ಹಾಳೆ ಇನ್ನೂ ಬೇರೆ. ತಂದ ಹಾಳೆ ಎರಡೂವರೆ ಮೀಟರ್ ಸಾಲದೆ ಹೋಯಿತು. ಆವತ್ತಿನಿಂದ ಈ ಪಾಠವನ್ನು ನಾನು ಹೊಂಡದಿಂದಲೇ ಶುರು ಮಾಡುತ್ತೇನೆ.

ಮಡಿಸಿದ ಎ4 ಹಾಳೆ ಇನ್ನೂ ಕೈಯಲ್ಲಿದೆಯಲ್ಲ? ಅದರಿಂದ ತೆಂಗಿನ ಮರದ ಎತ್ತರವನ್ನೂ ಅಳೆಯಬಹುದು. ಮಡಿಸಿದ ತ್ರಿಭುಜದ ಒಂದು ಸಮ ಬಾಹುವನ್ನು ನೆಲಕ್ಕೆ ಸಮಾನಾಂತರವಾಗಿ ಕಣ್ಣಿನ ಮಟ್ಟದಲ್ಲಿ ಹಿಡಿಯಿರಿ. ವಿಕರ್ಣದ ಗುಂಟ ಮೇಲೆ ನೋಡಿ. ಮರದ ತುದಿ ಆ ಗೆರೆಯಲ್ಲಿ ಕಾಣುವವರೆಗೆ ಹಿಂದಕ್ಕೋ ಮುಂದಕ್ಕೋ ನಡೆಯಿರಿ. ಕಂಡ ಜಾಗದಲ್ಲಿ ನಿಂತು ಬುಡದವರೆಗಿನ ದೂರ ಅಳೆಯಿರಿ. ದೂರ 13 ಮೀಟರ್, ನಿಮ್ಮ ಕಣ್ಣಿನ ಎತ್ತರ 1.5 ಮೀಟರ್ ಆದರೆ ಮರ 14.5 ಮೀಟರ್. 45°ಯಲ್ಲಿ ಎರಡು ಬಾಹುಗಳು ಸಮ, ಅಲ್ವಾ? ಕಣ್ಣಿನ ಎತ್ತರ ಸೇರಿಸಲು ಮಾತ್ರ ಮರೆಯಬೇಡಿ. ನೆಲ ಮಟ್ಟವಾಗಿರಬೇಕು ಅನ್ನುವುದೂ ನೆನಪಿರಲಿ.

ಎರಡನೆಯದು: ಸಮಬಾಹು ತ್ರಿಭುಜವನ್ನು ಸೀಳಿದಾಗ

ನಿಜವಾದ ಗೊಂದಲ ಇರುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೋಗೋಣ.

ಮೂರೂ ಬದಿ 2 ಇರುವ ಒಂದು ಸಮಬಾಹು ತ್ರಿಭುಜ ಬರೆಯಿರಿ. ಮೂರೂ ಕೋನ 60°. ಮೇಲಿನ ತುದಿಯಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಅದು ಮೇಲಿನ 60°ಯನ್ನು 30°, 30° ಅಂತ ಒಡೆಯುತ್ತದೆ. ಕೆಳಗಿನ ಬದಿಯನ್ನೂ 1, 1 ಅಂತ ಅರ್ಧ ಮಾಡುತ್ತದೆ. ಈಗ ಒಂದು ತುಂಡನ್ನು ಮಾತ್ರ ನೋಡಿ. ಅದರ ಕೋನಗಳು 30°, 60°, 90°.

ವಿಕರ್ಣ? ಅದು ಹಳೆಯ ಪೂರ್ತಿ ಬದಿ, 2. 30°ಯ ಎದುರಿನ ಬಾಹು? ಅದು ಹಳೆಯ ಬದಿಯ ಅರ್ಧ, 1. ಉಳಿದದ್ದು 60°ಯ ಎದುರಿನ ಬಾಹು. ಅದರ ವರ್ಗ 4 − 1 = 3. ಹಾಗಾದರೆ ಅದು √3.

ವಿಕರ್ಣ ಸಣ್ಣ ಬಾಹುವಿನ ಎರಡು ಪಟ್ಟು ಯಾಕೆ ಅನ್ನುವುದು ಈಗ ಕಣ್ಣಿಗೇ ಕಾಣುತ್ತದೆ. ಒಂದೇ ಬದಿ, ಒಂದು ಕಡೆ ಪೂರ್ತಿ ಉಳಿದಿದೆ, ಇನ್ನೊಂದು ಕಡೆ ಅರ್ಧವಾಗಿದೆ. ಈ ಚಿತ್ರ ತಲೆಯಲ್ಲಿ ಇದ್ದರೆ ಅನುಪಾತ ಮರೆತರೂ ಅರ್ಧ ನಿಮಿಷದಲ್ಲಿ ಮತ್ತೆ ಹುಟ್ಟಿಸಿಕೊಳ್ಳಬಹುದು.

ನಾನು ಮಕ್ಕಳಿಗೆ ಮೂರು ಹೆಸರು ಕೊಡುತ್ತೇನೆ. 30°ಯ ಎದುರಿನದು ಸಣ್ಣ ಬಾಹು. 60°ಯ ಎದುರಿನದು ನಡು ಬಾಹು. 90°ಯ ಎದುರಿನದು ವಿಕರ್ಣ. ಅನುಪಾತ ಅದೇ ಕ್ರಮದಲ್ಲಿ 1 : √3 : 2. ಇಲ್ಲಿ ಒಂದು ಬಲೆ ಇದೆ. √3ರಲ್ಲಿ 3 ಕಾಣುತ್ತದೆ, 3 ಎರಡಕ್ಕಿಂತ ದೊಡ್ಡದು, ಹಾಗಾಗಿ √3 ವಿಕರ್ಣದ್ದೇ ಇರಬೇಕು ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ. √3 ಅಂದರೆ 1.732. ಅದು 2ಕ್ಕಿಂತ ಕಡಿಮೆ. ನಡುವೆ ಕೂರಬೇಕಾದದ್ದು ಅದೇ.

ಈಗ ದಾರಿ. ಯಾವ ಬಾಹು ಕೊಟ್ಟಿದ್ದರೂ ಮೊದಲು ಸಣ್ಣ ಬಾಹುವಿಗೆ ಹೋಗಿ. ಅಲ್ಲಿಂದ ಬೇಕಾದ ಕಡೆ ಹೋಗಿ. ಬೆಂಗಳೂರಿನಲ್ಲಿ ದಾರಿ ಗೊತ್ತಿಲ್ಲದಿದ್ದರೆ ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಿಸುತ್ತಾರಲ್ಲ, ಹಾಗೆ. ಒಂದು ಹೆಜ್ಜೆ ಜಾಸ್ತಿ ಆಗಬಹುದು, ಆದರೆ ದಾರಿ ತಪ್ಪುವುದಿಲ್ಲ.

ಸಣ್ಣ ಬಾಹು ಕೊಟ್ಟಿದ್ದರೆ ನೀವು ಆಗಲೇ ಮೆಜೆಸ್ಟಿಕ್‌ನಲ್ಲಿದ್ದೀರಿ. ಸಣ್ಣದು 5 ಆದರೆ ವಿಕರ್ಣ 10, ನಡು ಬಾಹು 5√3, ಅಂದರೆ 8.66.

ವಿಕರ್ಣ ಕೊಟ್ಟಿದ್ದರೆ ಅರ್ಧ ಮಾಡಿ. 20 ಅಡಿಯ ಏಣಿ ನೆಲದ ಜೊತೆ 60° ಮಾಡಿ ಗೋಡೆಗೆ ಒರಗಿದೆ ಅನ್ನಿ. ಏಣಿ ವಿಕರ್ಣ. ನೆಲದ ಹತ್ತಿರ 60° ಇದ್ದರೆ ಗೋಡೆಯ ಹತ್ತಿರ ಮೇಲೆ 30°. ಅದರ ಎದುರಿಗಿರುವುದು ನೆಲದ ಮೇಲಿನ ದೂರ. ಅದೇ ಸಣ್ಣ ಬಾಹು: 10 ಅಡಿ. ಏಣಿ ತಲುಪುವ ಎತ್ತರ 10√3, ಸುಮಾರು 17.3 ಅಡಿ. ಗಮನಿಸಿ, 60° ಬರೆದಿರುವುದು ನೆಲದ ಬಾಹುವಿನ ಪಕ್ಕದಲ್ಲಿ. ಆದರೆ ಆ ಬಾಹು 60°ಯದ್ದಲ್ಲ, 30°ಯದ್ದು. ಕೋನದ ಪಕ್ಕದ ಬಾಹು ಯಾವುದು ಅಂತ ನೋಡಬೇಡಿ, ಎದುರಿನ ಬಾಹು ಯಾವುದು ಅಂತ ನೋಡಿ. ನನ್ನ ಅನುಭವದಲ್ಲಿ ಮಕ್ಕಳ ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದು ಇಲ್ಲೇ.

ನಡು ಬಾಹು ಕೊಟ್ಟಿದ್ದರೆ √3ರಿಂದ ಭಾಗಿಸಿ. ಇದೇ ಕಷ್ಟದ ಸನ್ನಿವೇಶ, ಹಾಗಾಗಿ ಒಂದು ನಿಜವಾದ ಕೆಲಸ ಹಿಡಿದು ನೋಡೋಣ. ಹೆಂಚಿನ ಮನೆ, ಅಗಲ 24 ಅಡಿ, ಮಾಡಿನ ನೆತ್ತಿ ಸರಿಯಾಗಿ ನಡುವೆ, ಎರಡೂ ಕಡೆ 30° ಇಳಿಜಾರು. ಪಕ್ಕಾಸು, ಅಂದರೆ ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿಯುವ ಮರ, ಎಷ್ಟು ಉದ್ದ ಬೇಕು?

ಒಂದು ಕಡೆಯ ತ್ರಿಭುಜ ಬರೆಯಿರಿ. ಅಡ್ಡಲಾಗಿ 12 ಅಡಿ, ನೇರ ಮೇಲಕ್ಕೆ ಮಾಡಿನ ಎತ್ತರ, ಓರೆಯಾಗಿ ಪಕ್ಕಾಸು. 30° ಇರುವುದು ಗೋಡೆಯ ತಲೆಯ ಹತ್ತಿರ. ಅದರ ಎದುರು ಮಾಡಿನ ಎತ್ತರ. ಹಾಗಾಗಿ ಎತ್ತರ ಸಣ್ಣ ಬಾಹು, 12 ಅಡಿ ನಡು ಬಾಹು, ಪಕ್ಕಾಸು ವಿಕರ್ಣ.

ಸಣ್ಣ ಬಾಹು = 12/√3. ಮೂರರಲ್ಲಿ ಒಂದು ಭಾಗ ಮಾಡಿ √3 ಬರೆಯಿರಿ: 4√3, ಸುಮಾರು 6.93 ಅಡಿ. ಇದು ಮಾಡಿನ ಎತ್ತರ. ಪಕ್ಕಾಸು ಅದರ ಎರಡು ಪಟ್ಟು: 8√3, ಸುಮಾರು 13.86 ಅಡಿ. ಇದರ ಮೇಲೆ ಸೂರು ಎಷ್ಟು ಹೊರಗೆ ಬರಬೇಕೋ ಅಷ್ಟು ಸೇರಿಸಿಕೊಳ್ಳಬೇಕು.

ಅವಸರದಲ್ಲಿ 12ನ್ನೇ ಎರಡು ಪಟ್ಟು ಮಾಡಿದರೆ 24 ಬರುತ್ತದೆ. ಮನೆಯ ಪೂರ್ತಿ ಅಗಲದಷ್ಟು ಉದ್ದದ ಪಕ್ಕಾಸು! ನೋಡಿದ ಕೂಡಲೇ ತಪ್ಪು ಅಂತ ಗೊತ್ತಾಗಬೇಕು. ಎರಡು ಪಟ್ಟು ಮಾಡಬೇಕಾದದ್ದು ಸಣ್ಣ ಬಾಹುವನ್ನು ಮಾತ್ರ.

ಇನ್ನೊಂದು ಉದಾಹರಣೆ ಬರೀ ಸಂಖ್ಯೆಯಲ್ಲಿ. ನಡು ಬಾಹು 9. ಸಣ್ಣದು 3√3, ವಿಕರ್ಣ 6√3. ಸರಿ ಇದೆಯಾ ನೋಡೋಣ: 3√3ರ ವರ್ಗ 27, 9ರ ವರ್ಗ 81, ಕೂಡಿದರೆ 108. 6√3ರ ವರ್ಗ 36 × 3 = 108. ಸರಿ ಹೋಯಿತು. ಮೊದಮೊದಲು ಪ್ರತಿ ಲೆಕ್ಕಕ್ಕೂ ಹೀಗೆ ತಾಳೆ ನೋಡಿ. ಒಂದು ನಿಮಿಷದ ಕೆಲಸ.

ಹತ್ತನೇ ತರಗತಿಯ ಮಕ್ಕಳಿಗೆ ಇಲ್ಲಿ ಒಂದು ಮಾತು. ತ್ರಿಕೋನಮಿತಿಯ ಪಾಠದಲ್ಲಿ 30°, 45°, 60°ಗಳ ಸೈನ್, ಕಾಸ್, ಟ್ಯಾನ್ ಬೆಲೆಗಳ ಕೋಷ್ಟಕ ಇದೆಯಲ್ಲ, ಅದು ಪೂರ್ತಿ ಈ ಎರಡು ತ್ರಿಭುಜಗಳಿಂದಲೇ ಬಂದದ್ದು. ಸೈನ್ 30° ಅಂದರೆ ಸಣ್ಣ ಬಾಹು ಭಾಗಿಸು ವಿಕರ್ಣ, 1/2. ಟ್ಯಾನ್ 60° ಅಂದರೆ ನಡು ಬಾಹು ಭಾಗಿಸು ಸಣ್ಣ ಬಾಹು, √3. ಟ್ಯಾನ್ 45° ಅಂದರೆ ಸಮ ಭಾಗಿಸು ಸಮ, 1. ಕೋಷ್ಟಕವನ್ನು ಗಿಳಿಪಾಠ ಮಾಡುವ ಬದಲು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಎರಡು ತ್ರಿಭುಜ ಬರೆದುಕೊಳ್ಳಿ. ಗಾಬರಿಯಲ್ಲೂ ಚಿತ್ರ ಮರೆಯುವುದಿಲ್ಲ.

ಮೂರನೆಯದು: ಪೂರ್ಣ ಸಂಖ್ಯೆಗಳ ತ್ರಿಭುಜಗಳು

ಬೆಂಗಳೂರಿನಲ್ಲಿ ಸೈಟು ಅಂದರೆ ಮೊದಲು ಬಾಯಿಗೆ ಬರುವುದು ಥರ್ಟಿ ಫಾರ್ಟಿ. 30 ಅಡಿ ಅಗಲ, 40 ಅಡಿ ಉದ್ದ. ಅದರ ಮೂಲೆಯಿಂದ ಮೂಲೆಗೆ ಎಷ್ಟು? 900 + 1600 = 2500, ವರ್ಗಮೂಲ 50. ಸರಿಯಾಗಿ 50 ಅಡಿ, ಒಂದು ನೂಲೂ ಆಚೀಚೆ ಇಲ್ಲ. 3-4-5ನ್ನು ಹತ್ತು ಪಟ್ಟು ಮಾಡಿದ ತ್ರಿಭುಜ ಅದು.

ಪಾಯ ಗುರುತು ಹಾಕುವಾಗ ಗಾರೆ ಮೇಸ್ತ್ರಿಗಳು ಇದನ್ನೇ ಬಳಸುತ್ತಾರೆ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಎರಡು ಗುರುತುಗಳ ನಡುವೆ ಟೇಪು ಹಿಡಿದರೆ 5 ಅಡಿ ಬರಬೇಕು. ಜಾಸ್ತಿ ಬಂದರೆ ಮೂಲೆ 90°ಗಿಂತ ಬಿಚ್ಚಿಕೊಂಡಿದೆ, ಕಡಿಮೆ ಬಂದರೆ ಮುಚ್ಚಿಕೊಂಡಿದೆ. 9-12-15 ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಅಳತೆ ದೊಡ್ಡದಾದಷ್ಟೂ ಸಣ್ಣ ಓರೆ ಕೂಡ ಕಣ್ಣಿಗೆ ಬೀಳುತ್ತದೆ.

ಹಗ್ಗ ಹಿಡಿದು ಲಂಬಕೋನ ಹಾಕುವ ಈ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಯಜ್ಞವೇದಿಗಳ ಅಳತೆಗೆಂದು ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಹುಟ್ಟಿದ ಶುಲ್ಬಸೂತ್ರಗಳು ಇದನ್ನು ಹೇಳುತ್ತವೆ. ಶುಲ್ಬ ಅಂದರೆ ಹಗ್ಗ ಅಂತಲೇ ಅರ್ಥ. ಅವುಗಳಲ್ಲಿ ಒಂದನ್ನು ಬರೆದ ಬೌಧಾಯನ 3-4, 5-12, 8-15, 7-24, 12-35 ಬದಿಗಳ ಆಯತಗಳನ್ನು ಹೆಸರಿಸುತ್ತಾನೆ. √2ಕ್ಕೆ ಒಂದು ಬೆಲೆಯನ್ನೂ ಕೊಡುತ್ತಾನೆ: ಒಂದಕ್ಕೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೇ ಒಂದನ್ನು ಸೇರಿಸು, ಕೊನೆಗೆ ಸೇರಿಸಿದ್ದರ ಮೂವತ್ತನಾಲ್ಕನೇ ಒಂದನ್ನು ಕಳೆ. ಲೆಕ್ಕ ಮಾಡಿದರೆ 577/408, ಅಂದರೆ 1.414215. ನಿಜವಾದ √2 1.414213. ಐದನೇ ದಶಮಾಂಶ ಸ್ಥಾನದವರೆಗೆ ಸರಿ! ಕೊನೆಯ ಕಳೆಯುವಿಕೆ ಬಿಟ್ಟರೆ 17/12 ಸಿಗುತ್ತದೆ. ಕ್ಯಾಲ್ಕುಲೇಟರ್ ಇಲ್ಲದಾಗ ನಾನು ಇದನ್ನೇ ಬಳಸುತ್ತೇನೆ. 12 ಅಡಿ ಚೌಕದ ಕೋಣೆಯ ಕರ್ಣ ಸುಮಾರು 17 ಅಡಿ ಅಂತ ಬಾಯಲ್ಲೇ ಹೇಳಬಹುದು.

ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದ. ಎರಡು 'ಬೀಜ' ಸಂಖ್ಯೆಗಳಿಂದ ಇಂಥ ಆಕೃತಿಗಳನ್ನು ಹುಟ್ಟಿಸುವ ವಿಧಾನ ಅದರಲ್ಲಿದೆ. ವಿಧಾನ ಇಷ್ಟೇ: ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡು ಪಟ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ವಿಕರ್ಣ. ಬೀಜ 2 ಮತ್ತು 1 ಇಟ್ಟರೆ 3, 4, 5. ಬೀಜ 3 ಮತ್ತು 2 ಇಟ್ಟರೆ 5, 12, 13. ಬೀಜ 4 ಮತ್ತು 1 ಇಟ್ಟರೆ 15, 8, 17. ನಿಮಗೆ ಬೇಕಾದ ಎರಡು ಬೇರೆ ಬೇರೆ ಸಂಖ್ಯೆ ಹಾಕಿ ನೋಡಿ, ಪ್ರತಿ ಸಲವೂ ಒಂದು ತ್ರಿಭುಜ ಹುಟ್ಟುತ್ತದೆ.

ಲೆಕ್ಕದಲ್ಲಿ ಇವನ್ನು ಬಳಸುವುದು ಹೇಗೆ? ಕೊಟ್ಟ ಎರಡು ಅಳತೆಗಳ ಸಾಮಾನ್ಯ ಅಪವರ್ತನ ಮೊದಲು ಹೊರಗೆ ತೆಗೆಯಿರಿ. ಲಂಬ ಬಾಹುಗಳು 36 ಮತ್ತು 48 ಇದ್ದರೆ ಎರಡರಲ್ಲೂ 12 ಇದೆ. ಒಳಗೆ ಉಳಿಯುವುದು 3 ಮತ್ತು 4. ವಿಕರ್ಣ 5 × 12 = 60. ವಿಕರ್ಣ 65, ಒಂದು ಬಾಹು 25 ಇದ್ದರೆ 5 ಹೊರಗೆ, ಒಳಗೆ 13 ಮತ್ತು 5. ಉಳಿದದ್ದು 12 × 5 = 60. 65ರ ವರ್ಗ ಮಾಡುವ ಶ್ರಮವೇ ಇಲ್ಲ.

ಎರಡು ಎಚ್ಚರಿಕೆ. 3 ಮತ್ತು 5 ಕಂಡ ಕೂಡಲೇ ಉತ್ತರ 4 ಅಂತ ಬರೆಯಬೇಡಿ. 5 ವಿಕರ್ಣವಾಗಿದ್ದರೆ ಮಾತ್ರ ಅದು ಸರಿ. 3, 5 ಎರಡೂ ಲಂಬ ಬಾಹುಗಳಾದರೆ ವಿಕರ್ಣ √34. ಇನ್ನೊಂದು, 3-4-5 ತ್ರಿಭುಜದ ಕೋನಗಳು 30°, 60° ಅಲ್ಲ. ಸುಮಾರು 37° ಮತ್ತು 53°. ಇಲ್ಲಿ ಬಾಹುಗಳು ವಿಶೇಷ, ಮೊದಲಿನ ಎರಡರಲ್ಲಿ ಕೋನಗಳು ವಿಶೇಷ. ಎರಡನ್ನೂ ಬೆರೆಸಬಾರದು.

ಅಡಗಿ ಕೂತ ತ್ರಿಭುಜವನ್ನು ಹೊರಗೆ ತರುವುದು

ಲೆಕ್ಕದಲ್ಲಿ ಯಾವಾಗಲೂ ತ್ರಿಭುಜವನ್ನೇ ಕೈಗೆ ಕೊಡುವುದಿಲ್ಲ. ಒಂದು ಗೆರೆಯನ್ನು ನಾವೇ ಎಳೆದು ಹುಡುಕಬೇಕಾಗುತ್ತದೆ. 60°, 120°, 45°, 135°, ಚೌಕ, ಸಮಬಾಹು, ಷಡ್ಭುಜ: ಇವುಗಳಲ್ಲಿ ಯಾವುದು ಕಂಡರೂ ವಿಶೇಷ ತ್ರಿಭುಜ ಪಕ್ಕದಲ್ಲೇ ಇದೆ ಅಂತ ಲೆಕ್ಕ.

ನಟ್ಟು ನೋಡಿ. ಆರು ಬದಿ. 17 ನಂಬರ್ ಸ್ಪ್ಯಾನರ್ ಹಿಡಿಯುವ ನಟ್ಟಿನಲ್ಲಿ ಎದುರುಬದುರು ಚಪ್ಪಟೆ ಬದಿಗಳ ನಡುವೆ 17 ಮಿಮೀ. ಅದು ಒಂದು ಗುಂಡಿಯೊಳಗೆ ತಿರುಗಬೇಕಾದರೆ ಗುಂಡಿ ಎಷ್ಟು ಅಗಲ ಬೇಕು? ಮೂಲೆಯಿಂದ ಮೂಲೆಗಿನ ಅಳತೆ ಬೇಕು. ನಡುಬಿಂದುವಿನಿಂದ ಆರು ಮೂಲೆಗಳಿಗೂ ಗೆರೆ ಎಳೆಯಿರಿ. ಆರು ಸಮಬಾಹು ತ್ರಿಭುಜ ಸಿಗುತ್ತವೆ. ಒಂದನ್ನು ಸೀಳಿ. ನಡುವಿನಿಂದ ಚಪ್ಪಟೆ ಬದಿಗೆ 8.5, ಅದು ನಡು ಬಾಹು. ಸಣ್ಣದು 8.5/√3 = 4.91. ವಿಕರ್ಣ 9.81, ಅದು ನಡುವಿನಿಂದ ಮೂಲೆಗೆ. ಪೂರ್ತಿ ಅಗಲ ಸುಮಾರು 19.6 ಮಿಮೀ. 17ರ ಗುಂಡಿ ಕೊರೆದರೆ ನಟ್ಟು ಒಳಗೇ ಇಳಿಯುವುದಿಲ್ಲ. ಐಟಿಐ ಓದುವ ಮಕ್ಕಳಿಗೆ ಇದು ದಿನಾ ಬೇಕಾಗುವ ಲೆಕ್ಕ.

ತ್ರಾಪಿಜ್ಯದ್ದು ಬೇಗ ಮುಗಿಸೋಣ. ಕೆಳಬದಿ 14, ಮೇಲ್ಬದಿ 8, ಓರೆ ಬದಿಗಳು ಸಮ, ಕೆಳಗಿನ ಕೋನ 60°. ಮೇಲಿನ ಎರಡೂ ಮೂಲೆಯಿಂದ ಲಂಬ ಇಳಿಸಿ. ಒಂದೊಂದು ಕಡೆ ಉಳಿಯುವುದು (14 − 8)/2 = 3. ಅದು ಸಣ್ಣ ಬಾಹು. ಓರೆ ಬದಿ 6, ಎತ್ತರ 3√3.

ಕೊನೆಯದು ನನಗೆ ಬಹಳ ಇಷ್ಟವಾದದ್ದು. ಪರೀಕ್ಷೆಯಲ್ಲಿ ಬರುವ ಲೆಕ್ಕದ ಮಾದರಿ: ನೀರಿನ ಟ್ಯಾಂಕಿನ ತುದಿ ಒಂದು ಜಾಗದಿಂದ 30° ಉನ್ನತ ಕೋನದಲ್ಲಿ ಕಾಣುತ್ತದೆ. 20 ಮೀಟರ್ ಅದರ ಕಡೆಗೆ ನಡೆದರೆ 60°ಯಲ್ಲಿ ಕಾಣುತ್ತದೆ. ಎತ್ತರ ಎಷ್ಟು?

ಸಾಮಾನ್ಯವಾಗಿ ಎತ್ತರ ಒಂದು ಅಕ್ಷರ, ದೂರ ಇನ್ನೊಂದು ಅಕ್ಷರ ಅಂತ ಇಟ್ಟು ಎರಡು ಸಮೀಕರಣ ಬರೆದು ಅರ್ಧ ಪುಟ ಬಿಡಿಸುತ್ತಾರೆ. ತಪ್ಪೇನಿಲ್ಲ. ಆದರೆ ಚಿತ್ರವನ್ನು ಒಂದು ಕ್ಷಣ ಸುಮ್ನೆ ನೋಡಿ. ಮೊದಲ ಜಾಗ, ಎರಡನೇ ಜಾಗ, ಟ್ಯಾಂಕಿನ ತುದಿ: ಈ ಮೂರು ಸೇರಿ ಒಂದು ಚಪ್ಪಟೆ ತ್ರಿಭುಜ. ಅದಕ್ಕೆ 60° ಹೊರಕೋನ. ಹೊರಕೋನ ಅಂದರೆ ಎದುರಿನ ಎರಡು ಒಳಕೋನಗಳ ಮೊತ್ತ. ಒಂದು 30°, ಹಾಗಾದರೆ ತುದಿಯ ಹತ್ತಿರದ ಇನ್ನೊಂದೂ 30°. ಎರಡು ಕೋನ ಸಮ ಅಂದರೆ ಅದು ಸಮದ್ವಿಬಾಹು. ಎರಡನೇ ಜಾಗದಿಂದ ತುದಿಗೆ ಇರುವ ಓರೆ ದೂರ, ನೀವು ನಡೆದ 20 ಮೀಟರಿಗೆ ಸಮ!

ಈಗ ಒಳಗಿನ 30-60-90 ತ್ರಿಭುಜ ನೋಡಿ. ವಿಕರ್ಣ 20. ಸಣ್ಣದು 10. ಎತ್ತರ 10√3, ಸುಮಾರು 17.3 ಮೀಟರ್. ಮೂರೇ ಸಾಲು. ನಿಜವಾಗಿ ಅಳೆಯುವಾಗ ಇದಕ್ಕೂ ಕಣ್ಣಿನ ಎತ್ತರ ಸೇರಿಸಿ. ಹಡಗಿನವರು ಇದನ್ನೇ ಬಳಸಿಕೊಂಡು ಬಂದಿದ್ದಾರೆ. ನೇರ ಸಾಗುತ್ತಿರುವಾಗ ದೀಪಸ್ತಂಭ ಹಡಗಿನ ಮೂತಿಯಿಂದ ಎಷ್ಟು ಕೋನದಲ್ಲಿದೆ ಅಂತ ನೋಡುತ್ತಾರೆ. ಆ ಕೋನ ಎರಡು ಪಟ್ಟಾಗುವ ಹೊತ್ತಿಗೆ ಹಡಗು ಎಷ್ಟು ದೂರ ಸಾಗಿದೆಯೋ, ದೀಪಸ್ತಂಭ ಅಷ್ಟೇ ದೂರದಲ್ಲಿರುತ್ತದೆ.

ಉತ್ತರ ಬರೆದ ಮೇಲೆ

ಬಾಹುಗಳನ್ನು ಕ್ರಮವಾಗಿ ನೋಡಿ: ಸಣ್ಣದು, ನಡುವಿನದು, ವಿಕರ್ಣ. ವಿಕರ್ಣ ಎಲ್ಲಕ್ಕಿಂತ ದೊಡ್ಡದಿದೆಯಾ? 30°ಯ ಎದುರು ಎಲ್ಲಕ್ಕಿಂತ ಸಣ್ಣದಿದೆಯಾ? ಇಲ್ಲದಿದ್ದರೆ ಎಲ್ಲೋ ಗುಣಿಸುವ ಕಡೆ ಭಾಗಿಸಿದ್ದೀರಿ. ಪರೀಕ್ಷೆಯಲ್ಲಿ ದಶಮಾಂಶ ಕೇಳದಿದ್ದರೆ 4√3 ಅಂತಲೇ ಬಿಡಿ, ಅದೇ ಪಕ್ಕಾ ಉತ್ತರ. ಮರ ಕೊಯ್ಯುವಾಗ, ಹಾಳೆ ಕೊಳ್ಳುವಾಗ 6.93 ಅಂತ ಬೇಕು. ಆದರೆ ದಶಮಾಂಶಕ್ಕೆ ಕೊನೆಯ ಹೆಜ್ಜೆಯಲ್ಲೇ ಹೋಗಿ.

ಇನ್ನು ನೀವೇ ಮಾಡಿ. ಉತ್ತರ ಕೆಳಗಿದೆ, ಮೊದಲು ಚಿತ್ರ ಬರೆಯಿರಿ.

1. ಕೇರಂ ಬೋರ್ಡಿನ ಆಟದ ಜಾಗ 74 ಸೆಂಮೀ ಚೌಕ. ಮೂಲೆಯಿಂದ ಎದುರು ಮೂಲೆಗೆ ಎಷ್ಟು?
2. ಸಮಬಾಹು ತ್ರಿಭುಜದ ಎತ್ತರ 15. ಬದಿ ಎಷ್ಟು?
3. ಗಾಳಿಗೆ ಅಡಿಕೆ ಮರ ಮುರಿದು, ಮುರಿದ ಭಾಗ ಬೇರೆಯಾಗದೆ ಬಾಗಿ ನೆಲ ಮುಟ್ಟಿದೆ. ತುದಿ ನೆಲದ ಜೊತೆ 30° ಮಾಡಿದೆ, ಬುಡದಿಂದ 6 ಮೀಟರ್ ದೂರದಲ್ಲಿದೆ. ಮರ ಮೊದಲು ಎಷ್ಟು ಎತ್ತರ ಇತ್ತು?
4. ಲಂಬಕೋನವನ್ನು ಅಪ್ಪಿದ ಬಾಹುಗಳು 5 ಮತ್ತು 10. ವಿಕರ್ಣ ಎಷ್ಟು?

ಮೊದಲನೆಯದು 74√2, ಸುಮಾರು 104.7 ಸೆಂಮೀ. ಎರಡನೆಯದರಲ್ಲಿ 15 ನಡು ಬಾಹು, ಸಣ್ಣದು 5√3, ಬದಿ 10√3. ಮೂರನೆಯದರಲ್ಲಿ 6 ನಡು ಬಾಹು. ನಿಂತ ಭಾಗ ಸಣ್ಣ ಬಾಹು, 2√3. ಮುರಿದ ಭಾಗ ವಿಕರ್ಣ, 4√3. ಒಟ್ಟು 6√3, ಸುಮಾರು 10.4 ಮೀಟರ್. ನಾಲ್ಕನೆಯದರಲ್ಲಿ ಒಂದರ ಎರಡು ಪಟ್ಟು ಇನ್ನೊಂದು ಇರುವುದು ನೋಡಿ 30-60-90 ಅಂದುಕೊಂಡಿರಾ? ಅಲ್ಲಿ 10 ವಿಕರ್ಣವಲ್ಲ. ಇದು ವಿಶೇಷ ತ್ರಿಭುಜವೇ ಅಲ್ಲ, ನೇರ ಪೈಥಾಗೊರಸ್ ಹಾಕಿ: 25 + 100 = 125, ವಿಕರ್ಣ 5√5, ಸುಮಾರು 11.18.